ಖಾಲಿ ಹೊಟ್ಟೆಗೆ ವಿನೆಗರ್ ಯಾಕೆ?

ಎರಡು ಟೀ ಚಮಚ ಸೇಬಿನ ವಿನೆಗರ್, ಅಷ್ಟೇ ಜೇನುತುಪ್ಪ, ಒಂದು ಲೋಟ ನೀರು. ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿಗಳ ಮನೆಮದ್ದು ಇದು. ಅಲ್ಲಿನ ವೈದ್ಯ ಡಿ. ಸಿ. ಜಾರ್ವಿಸ್ 1958ರಲ್ಲಿ ಪುಸ್ತಕ ಬರೆದ ಮೇಲೆ ಊರೂರಿಗೆ ಹಬ್ಬಿತು. ರಕ್ತದ ಸಕ್ಕರೆ ತಗ್ಗುತ್ತದೆ, ತೂಕ ಇಳಿಯುತ್ತದೆ ಎಂದು ಈಗ ನಮ್ಮಲ್ಲೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಇದನ್ನು ಕುಡಿಯುವವರಿದ್ದಾರೆ. ನನ್ನ ತಕರಾರು ಆ ಖಾಲಿ ಹೊಟ್ಟೆಯದ್ದೇ.

ಸೇಬಿನ ರಸ ಹುಳಿಯಲು ಬಿಟ್ಟರೆ ಯೀಸ್ಟ್ ಅದರ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಗಾಳಿ ಸಿಕ್ಕಿದರೆ ಬ್ಯಾಕ್ಟೀರಿಯಾಗಳು ಬಂದು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಇದು ಜೀವಿಗಳ ಕೆಲಸ ಎಂದು 1860ರ ದಶಕದಲ್ಲಿ ಲೂಯಿ ಪ್ಯಾಶ್ಚರ್ ತೋರಿಸಿದರು. ಬಾಟಲಿಯ ತಳದಲ್ಲಿ ನೂಲಿನಂತೆ ಕೂತಿರುವ ಗಸಿ, ಅಂದರೆ 'ಮದರ್', ಆ ಬ್ಯಾಕ್ಟೀರಿಯಾಗಳು ಮತ್ತು ಅವೇ ಹೆಣೆದ ಸೆಲ್ಯುಲೋಸ್ ನಾರು. ನೋಡಲು ಸೋಜಿಗವೇ. ಆದರೆ ರಕ್ತದ ಸಕ್ಕರೆಯ ವಿಷಯದಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಅಸಿಟಿಕ್ ಆಮ್ಲ. ಅದು ಸುಮಾರು 5% ಇರುತ್ತದೆ. ಅಂಗಡಿಯ ಬಿಳಿ ವಿನೆಗರ್‌ನಲ್ಲೂ ಇರುವುದು ಅದೇ.

2004ರಲ್ಲಿ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾರಲ್ ಜಾನ್‌ಸ್ಟನ್ ತಂಡ ಕೆಲವರಿಗೆ 20 ಗ್ರಾಂ ಸೇಬಿನ ವಿನೆಗರ್ ಕುಡಿಸಿ, ತಕ್ಷಣ ಬ್ರೆಡ್ಡು, ಕಿತ್ತಳೆ ರಸದಂಥ ಪಿಷ್ಟ-ಸಕ್ಕರೆಯ ಊಟ ಕೊಟ್ಟಿತು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸದವರಲ್ಲಿ ಊಟದ ನಂತರ ಆ ಸ್ಪಂದನೆ ಸುಧಾರಿಸಿತು. ಡಯಾಬಿಟಿಸ್ ಬಂದವರಲ್ಲಿ ಪರಿಣಾಮ ಕಡಿಮೆ. ಪ್ರಯೋಗ ಚಿಕ್ಕದು, ಮೂವತ್ತು ಜನರೂ ಇರಲಿಲ್ಲ. ಆದರೂ ಕಾರಣ ಊಹಿಸಬಹುದು. ಆಮ್ಲ ಇದ್ದಾಗ ಹೊಟ್ಟೆಯಿಂದ ಊಟ ಕರುಳಿಗೆ ಜಾರುವುದು ನಿಧಾನವಾಗಬಹುದು. ಆಗ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗುವುದಿಲ್ಲ. ಈಗ ಹೇಳಿ, ಹೊಟ್ಟೆಯಲ್ಲಿ ಅನ್ನವೇ ಇಲ್ಲದಿದ್ದರೆ ನಿಧಾನ ಮಾಡುವುದಕ್ಕೆ ಏನಿದೆ? ಬೇಕಿದ್ದರೆ ಊಟದ ಜೊತೆ, ಸೌತೆಕಾಯಿ, ಕ್ಯಾರೆಟ್ ಹೋಳುಗಳಿಗೆ ಬೆರೆಸಿ ತಿನ್ನಿ. ಅದೇ ಸರಿ.

ತೂಕ ಇಳಿಸುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. 2024ರಲ್ಲಿ ಲೆಬನಾನಿನ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. ಮರುವರ್ಷ ಅಂಕಿಅಂಶಗಳ ಲೋಪದಿಂದ, ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಅದನ್ನು ವಾಪಸ್ ಪಡೆಯಿತು.

ನೀರು ಬೆರೆಸದೆ ಕುಡಿಯಲೇಬೇಡಿ. ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ಆಮ್ಲಕ್ಕೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಕುಡಿದ ತಕ್ಷಣ ಹಲ್ಲುಜ್ಜುವುದೂ ಬೇಡ, ಅರ್ಧ ಗಂಟೆ ಕಾಯಿರಿ. ಡಯಾಬಿಟಿಸ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ. ಅವರ ಹೊಟ್ಟೆ ಇನ್ನೂ ನಿಧಾನವಾದರೆ ಚುಚ್ಚಿಕೊಂಡ ಇನ್ಸುಲಿನ್ ಕೆಲಸ ಶುರು ಮಾಡಿರುತ್ತದೆ, ಊಟದ ಸಕ್ಕರೆ ಇನ್ನೂ ಬಂದಿರುವುದಿಲ್ಲ; ರಕ್ತದ ಸಕ್ಕರೆ ತೀರಾ ಇಳಿದುಬಿಡಬಹುದು.