ಬರ ಬಂದರೆ ಅದು ದೇವರ ಶಿಕ್ಷೆಯೇ? ಬೈಬಲ್‌ನಷ್ಟೇ ಹಳೆಯದಾದ ಒಂದು ವಾದ

ದೊಡ್ಡ ಭೂಕಂಪವೋ ಪ್ರವಾಹವೋ ಆದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಇದು ದೇವರ ಶಿಕ್ಷೆ, ಬೈಬಲ್‌ನಲ್ಲೇ ಬರೆದಿದೆ. ಅಲ್ಲ ಎನ್ನುವವರೂ ಬೈಬಲ್ಲನ್ನೇ ತೆರೆಯುತ್ತಾರೆ. ಇಬ್ಬರಿಗೂ ವಚನ ಸಿಗುತ್ತದೆ. ಮಳೆ, ಗಾಳಿ, ಸಮುದ್ರ ಎಲ್ಲ ದೇವರ ಕೈಯಲ್ಲಿವೆ ಎನ್ನುವುದನ್ನು ಈ ಗ್ರಂಥಗಳು ಎಲ್ಲೂ ಅನುಮಾನಿಸುವುದಿಲ್ಲ. ಮಳೆ ನಿಂತಿತೆಂದು ಜನರ ಪಾಪ ಪುಣ್ಯ ಅಳೆಯಬಹುದೇ? ಜಗಳ ಇರುವುದು ಅಲ್ಲಿ.

ಮಾತು ಮಳೆಯ ಸುತ್ತಲೇ ತಿರುಗುವುದಕ್ಕೆ ನೆಲದ ಕಾರಣವೂ ಇದೆ. ಈಜಿಪ್ಟಿಗೆ ನೈಲ್ ನದಿಯಿತ್ತು. ಇಸ್ರೇಲ್ ನಾಡಿಗೆ ಅಂಥ ನದಿಯಿಲ್ಲ. ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಬಿದ್ದಷ್ಟೇ ಮಳೆ. ಬೈಬಲ್‌ನ ಧರ್ಮೋಪದೇಶಕಾಂಡದ 11ನೇ ಅಧ್ಯಾಯ ಈ ವ್ಯತ್ಯಾಸ ಹೇಳಿಯೇ ಷರತ್ತು ಹಾಕುತ್ತದೆ: ಆಜ್ಞೆ ಪಾಲಿಸಿದರೆ ಮಳೆ, ಬೇರೆ ದೇವರ ಹಿಂದೆ ಹೋದರೆ ಆಕಾಶ ಬಂದ್. ಆ ನಾಡಿನ ಹಳೆಯ ನಿವಾಸಿಗಳಾದ ಕಾನಾನ್ಯರ 'ಬಾಳ' ಎಂಬ ಮಳೆದೇವರು ಪಕ್ಕದಲ್ಲೇ ಇದ್ದ. ಹಾಗಾಗಿ ಪ್ರವಾದಿ ಎಲೀಯನ ಕಾಲದ ಬರ ದೇವರುಗಳ ನಡುವಿನ ಪಂದ್ಯವೇ ಆಯಿತು. ಕೊನೆಗೆ ಸಮುದ್ರದಿಂದ ಅಂಗೈಯಷ್ಟು ಮೋಡ ಎದ್ದಿತು. ಆದರೆ ಮುಂದಿನ ಅಧ್ಯಾಯದಲ್ಲೇ ಅದೇ ಎಲೀಯನ ಎದುರು ಬಿರುಗಾಳಿ, ಭೂಕಂಪ, ಬೆಂಕಿ ಬರುತ್ತವೆ. ದೇವರು ಅವುಗಳಲ್ಲಿ ಇರಲಿಲ್ಲ ಎನ್ನುತ್ತದೆ ಕಥೆ. ಬೈಬಲ್‌ನದೇ ಯೋಬನ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ದೇವರು ಮನುಷ್ಯರೇ ಇಲ್ಲದ ಮರುಭೂಮಿಗೂ ಮಳೆ ಸುರಿಸುತ್ತಾನೆ. ಅಲ್ಲಿ ಯಾರಿಗೆ ಬಹುಮಾನ, ಯಾರಿಗೆ ಶಿಕ್ಷೆ?

ಇದೆಲ್ಲ ದಿನನಿತ್ಯದ ಬದುಕಿಗೆ ಹೇಗೆ ಇಳಿಯಿತು ಎನ್ನುವುದು ಸುಮಾರು ಕ್ರಿ.ಶ. 200ರಲ್ಲಿ ಸಂಕಲನವಾದ, ಯೆಹೂದ್ಯರ ಧಾರ್ಮಿಕ ನಿಯಮಗಳ ಸಂಗ್ರಹ ಮಿಷ್ನಾದಲ್ಲಿ ಕಾಣುತ್ತದೆ. ಅದರಲ್ಲಿ ಬರದ ಉಪವಾಸಗಳಿಗೇ ಒಂದು ಭಾಗವಿದೆ. ಮಳೆ ಬೇಡುವ ಪ್ರಾರ್ಥನೆ ಶುರುವಾಗುವುದು ಪರ್ಣಶಾಲೆಗಳ ಹಬ್ಬ ಮುಗಿದು ಹದಿನೈದು ದಿನಕ್ಕೆ. ಜೆರುಸಲೇಮಿಗೆ ಬಂದ ಯಾತ್ರಿಕರಲ್ಲಿ ಕೊನೆಯವನೂ ನೆನೆಯದೆ ಯೂಫ್ರೆಟಿಸ್ ನದಿ ತಲುಪಲಿ ಅಂತ! ನನಗೆ ತುಂಬ ಇಷ್ಟವಾದ ನಿಯಮ ಇದು. ಮಳೆ ತಡವಾದರೆ ಮೊದಲು ಕೆಲವರು ಮಾತ್ರ ಉಪವಾಸ ಮಾಡುತ್ತಾರೆ. ಆಮೇಲೂ ಬರದಿದ್ದರೆ ಇಡೀ ಊರು: ಮೊದಲು ಮೂರು ದಿನ, ಮತ್ತೆ ಮೂರು, ಕೊನೆಗೆ ಏಳು. ಧರ್ಮಗ್ರಂಥದ ಪೆಟ್ಟಿಗೆಯನ್ನು ಊರ ಚೌಕಕ್ಕೆ ತರುತ್ತಾರೆ. ಅದರ ಮೇಲೂ ಮುಖಂಡರ ತಲೆಯ ಮೇಲೂ ಬೂದಿ ಹಾಕುತ್ತಾರೆ. ಆಗ ಹಿರಿಯನೊಬ್ಬ ಎದ್ದು ಬೈಬಲ್‌ನ ಯೋನನ ಕಥೆಯಲ್ಲಿ ಪಶ್ಚಾತ್ತಾಪಪಟ್ಟು ಉಳಿದ ನಿನೆವೆ ನಗರದ ಜನರನ್ನು ನೆನಪಿಸುತ್ತಾನೆ: ದೇವರು ನೋಡಿದ್ದು ಅವರ ಗೋಣಿತಟ್ಟನ್ನಲ್ಲ, ಉಪವಾಸವನ್ನಲ್ಲ, ಅವರ ನಡತೆಯನ್ನು.

ಅಲ್ಲೇ ಹೋನಿ ಎಂಬವನ ಕಥೆಯಿದೆ. ಮಳೆಗಾಗಿ ಪ್ರಾರ್ಥಿಸು ಎಂದು ಜನ ಕೇಳಿದರು. ಪಸ್ಕ ಹಬ್ಬದ ಮಣ್ಣಿನ ಒಲೆಗಳನ್ನು ಒಳಗಿಡಿ, ಕರಗಿಹೋದಾವು ಎಂದ. ಪ್ರಾರ್ಥಿಸಿದ, ಮಳೆ ಬರಲಿಲ್ಲ. ಆಗ ಒಂದು ವೃತ್ತ ಎಳೆದು ಅದರೊಳಗೆ ನಿಂತ. ನಿನ್ನ ಮಕ್ಕಳಿಗೆ ಕರುಣೆ ತೋರುವ ತನಕ ಕದಲುವುದಿಲ್ಲ ಎಂದು ದೇವರಿಗೇ ಆಣೆಯಿಟ್ಟ. ಹನಿ ಬಿತ್ತು; ಇದಲ್ಲ ಎಂದ. ಧೋ ಎಂದು ಸುರಿಯಿತು. ಇದೂ ಅಲ್ಲ ಎಂದ. ಕೊನೆಗೆ ಹದವಾದ ಮಳೆ ಬಂತು. ಅದೂ ನಿಲ್ಲದೆ ಜನ ದೇವಾಲಯದ ಗುಡ್ಡ ಹತ್ತಬೇಕಾಯಿತು. ಹಿರಿಯ ಪಂಡಿತ ಶಿಮೋನ್ ಬೆನ್ ಶೆತಾಹ್ ಗದರಿದರು: ನೀನು ಹೋನಿ ಅಲ್ಲದಿದ್ದರೆ ಬಹಿಷ್ಕಾರ ಹಾಕುತ್ತಿದ್ದೆ, ಅಪ್ಪನ ಹತ್ತಿರ ಹಟ ಮಾಡುವ ಮಗನ ಹಾಗೆ ನೀನು, ಏನು ಮಾಡಲಿ?

ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ, ನಂತರದ ತಾಲ್ಮುಡ್ ಇನ್ನೂ ನೇರ. ಕದ್ದ ಗೋಧಿ ಬಿತ್ತಿದರೆ ನ್ಯಾಯವಾಗಿ ಅದು ಮೊಳೆಯಬಾರದು. ಆದರೆ ಮೊಳೆಯುತ್ತದೆ, ಲೋಕ ತನ್ನ ಪಾಡಿಗೆ ನಡೆಯುತ್ತದೆ.

ಯೇಸುವಿನ ಮಾತೂ ಇದೇ ದಾರಿಯಲ್ಲಿದೆ. ಮತ್ತಾಯನ ಸುವಾರ್ತೆಯಲ್ಲಿ ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಯುತ್ತದೆ. ಲೂಕನ ಸುವಾರ್ತೆಯಲ್ಲಿ ಜೆರುಸಲೇಮಿನ ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ದೊಡ್ಡ ಪಾಪಿಗಳೇ ಎಂದು ಕೇಳಿ, ಅಲ್ಲ ಎನ್ನುತ್ತಾನೆ. ಜೊತೆಗೇ ಕೇಳುವವರಿಗೆ, ನೀವೂ ಪಾಪದಿಂದ ತಿರುಗಿಕೊಳ್ಳದಿದ್ದರೆ ನಾಶವಾಗುವಿರಿ ಎಂದೂ ಎಚ್ಚರಿಸುತ್ತಾನೆ. ಮುಂದಿನ ಶತಮಾನಗಳ ಬೋಧನೆಗಳಲ್ಲಿ ಈ ಎಚ್ಚರಿಕೆಯೇ ಜಾಸ್ತಿ ಕೇಳಿತು, ಆ 'ಅಲ್ಲ' ಹಿಂದೆ ಉಳಿಯಿತು.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ ಪೋರ್ಚುಗಲ್‌ನ ಲಿಸ್ಬನ್ ಭೂಕಂಪದಿಂದ ನಡುಗಿತು. ಪೂಜೆಗೆ ಬಂದವರ ಮೇಲೆಯೇ ಚರ್ಚುಗಳು ಕುಸಿದವು. ಆಗಲೂ ಪಾಪದ ಫಲ ಎಂಬ ಮಾತು ಕೇಳಿತು. ಮರುವರ್ಷ ಚಿಂತಕ ರೂಸೋ ಒಂದು ಪತ್ರದಲ್ಲಿ, ಆರೇಳು ಅಂತಸ್ತಿನ 20,000 ಮನೆಗಳನ್ನು ಅಲ್ಲಿ ಒತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎಂದು ಬರೆದ. ಕಟ್ಟಡ ಯಾಕೆ ಬಿತ್ತು ಎಂದು ಕೇಳುವುದು ನಂಬಿಕೆಗೆ ವಿರುದ್ಧವೇನಲ್ಲ, ಅಲ್ವಾ?

ಮಳೆಯ ಷರತ್ತಿನ ಆ ಧರ್ಮೋಪದೇಶಕಾಂಡದ ಭಾಗ ಯೆಹೂದ್ಯರ ದೈನಂದಿನ ಪ್ರಾರ್ಥನೆಗೂ ಸೇರಿದೆ. ಸಂಪ್ರದಾಯನಿಷ್ಠ ಆರ್ಥಡಾಕ್ಸ್ ಯೆಹೂದ್ಯರು ಇಂದಿಗೂ ಬೆಳಗ್ಗೆ, ಸಂಜೆ ಅದನ್ನು ಹೇಳುತ್ತಾರೆ. ಸುಧಾರಣಾವಾದಿ ರಿಫಾರ್ಮ್ ಪಂಥದ ಹಲವು ಪ್ರಾರ್ಥನಾ ಪುಸ್ತಕಗಳು ಅದನ್ನು ಕೈಬಿಟ್ಟಿವೆ.