ಉಪಗ್ರಹಕ್ಕೆ ನ್ಯಾನೊ ಚಿಪ್: ವಿಕಿರಣದ ಲೆಕ್ಕ ಇನ್ನೂ ಮುಗಿದಿಲ್ಲ

ಕಾರವಾರದ ಕಡೆ ವಿಕಿರಣ ಅಂದರೆ ಮೊದಲು ನೆನಪಾಗುವುದು ಕೈಗಾ ಅಣುಸ್ಥಾವರ. ಆದರೆ ಬೈತಖೋಲ ಬಂದರಿನ ಬೋಟುಗಳಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಬೇರೆಯೇ ವಿಕಿರಣದಲ್ಲಿ ವರ್ಷಗಟ್ಟಲೆ ಸುತ್ತುತ್ತವೆ. ಅತಿ ಸಣ್ಣ, ತೆಳು ಇಂಗಾಲದ ವಸ್ತುಗಳಿಂದ ಮಾಡುವ ನ್ಯಾನೊ ಚಿಪ್ ಬಂದರೆ ವಿಕಿರಣಕ್ಕೆ ಚಿಪ್ ಕೆಡುವ ಚಿಂತೆಯೇ ಇರುವುದಿಲ್ಲ ಎಂಬ ಮಾತು ಈಗ ಜಾಸ್ತಿ ಕೇಳುತ್ತಿದೆ. ಅದು ಅರ್ಧ ನಿಜ.

1958ರಲ್ಲಿ ಎಕ್ಸ್‌ಪ್ಲೋರರ್ 1 ಉಪಗ್ರಹ ಕಳಿಸಿದ ಮಾಹಿತಿಯಿಂದ ಭೂಮಿಯ ಸುತ್ತಲಿನ ವಿಕಿರಣ ಪಟ್ಟಿ ಪತ್ತೆಯಾಯಿತು. 1962ರ ಜುಲೈನಲ್ಲಿ ಅಮೆರಿಕ ಬಾಹ್ಯಾಕಾಶದಲ್ಲಿ ಅಣುಬಾಂಬ್ ಸಿಡಿಸಿತು. ಅದರ ವಿಕಿರಣಕ್ಕೆ ಸಿಕ್ಕಿ, ಮರುದಿನ ಹಾರಿದ ಸಂಪರ್ಕ ಉಪಗ್ರಹ ಟೆಲ್‌ಸ್ಟಾರ್ 1ರ ಟ್ರಾನ್ಸಿಸ್ಟರ್‌ಗಳು (ಕರೆಂಟಿನ ಸಣ್ಣ ಸ್ವಿಚ್‌ಗಳು) ಕೆಲವೇ ತಿಂಗಳಲ್ಲಿ ಸೋತವು. 1975ರ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು: ಕಾಸ್ಮಿಕ್ ಕಿರಣದ ಒಂದೇ ಕಣ ಸರ್ಕ್ಯೂಟಿನ ಸೊನ್ನೆಯನ್ನು ಒಂದು ಮಾಡಬಲ್ಲದು.

ಅಂದರೆ ಪೆಟ್ಟು ಎರಡು ಬಗೆ. ಒಂದು ನಿಧಾನದ್ದು. ಟ್ರಾನ್ಸಿಸ್ಟರಿನ ನಿರೋಧಕ ಪದರದಲ್ಲಿ ವಿದ್ಯುದಂಶ ಸಿಕ್ಕಿಕೊಂಡು ಕೂರುತ್ತದೆ, ಕರೆಂಟ್ ಸೋರಲು ಶುರುವಾಗುತ್ತದೆ. ಇನ್ನೊಂದು ಆ ಒಂಟಿ ಕಣದ ದಿಢೀರ್ ಪೆಟ್ಟು. ಚಿಪ್ ಚಿಕ್ಕದಾದಂತೆ ಆ ಪದರ ತೆಳುವಾಯಿತು, ಮೊದಲನೆಯ ಕಾಟ ತಗ್ಗಿತು. ಆದರೆ ಒಂದೊಂದು ಬಿಟ್ (ಆ ಸೊನ್ನೆ ಅಥವಾ ಒಂದು) ಹಿಡಿದಿಡುವ ವಿದ್ಯುದಂಶವೂ ಕಡಿಮೆಯಾಯಿತು. ಅದನ್ನು ಕೆಡಿಸಲು ಸಣ್ಣ ಪೆಟ್ಟೇ ಸಾಕಾಯಿತು.

ಇಂಗಾಲದ ಅತಿ ಸಣ್ಣ ಕೊಳವೆಯಾದ ಕಾರ್ಬನ್ ನ್ಯಾನೊಟ್ಯೂಬ್ (1991) ಮತ್ತು ಇಂಗಾಲದ ಹಾಳೆಯಾದ ಗ್ರಾಫೀನ್ (2004) ಆಸೆ ಹುಟ್ಟಿಸಿದ್ದು ಇಲ್ಲಿ. ಗ್ರಾಫೀನ್ ಒಂದೇ ಪರಮಾಣುವಿನಷ್ಟು ದಪ್ಪ. ಹೆಚ್ಚಿನ ಕಣಗಳು ಅದರೊಳಗಿಂದ ಸುಮ್ನೆ ಹಾದುಹೋಗುತ್ತವೆ. ಇಂಗಾಲದ ಬಂಧವೂ ಗಟ್ಟಿ. ಇಷ್ಟು ನಿಜ.

ಆದರೆ ಈ ತೆಳು ವಸ್ತು ಗಾಳಿಯಲ್ಲಿ ತೇಲುವುದಿಲ್ಲ. ಸಾಮಾನ್ಯವಾಗಿ ಅದು ಕೂರುವುದು ಅದೇ ಹಳೆಯ ನಿರೋಧಕ ಪದರದ ಮೇಲೆ. ಅಲ್ಲಿ ಸಿಕ್ಕಿಕೊಂಡ ವಿದ್ಯುದಂಶ ನೇರವಾಗಿ ಇದಕ್ಕೇ ತಟ್ಟುತ್ತದೆ, ಯಾಕೆಂದರೆ ಇದರ ಮೈಯೆಲ್ಲ ಮೇಲ್ಮೈಯೇ. ಮೈಗಂಟಿದ ತೇವ, ಆಮ್ಲಜನಕ ಕೂಡ ಫಲಿತಾಂಶ ಬದಲಿಸುತ್ತವೆ. ಹಾಗಾಗಿ ತೆರೆದ ಗಾಳಿಯಲ್ಲಿ ಮಾಡಿದ ಪರೀಕ್ಷೆ ಬಾಹ್ಯಾಕಾಶದ ನಿರ್ವಾತಕ್ಕೆ ಸರಿಹೊಂದಲಿಕ್ಕಿಲ್ಲ. ಇನ್ನು ಪರಮಾಣುವೇ ಕಿತ್ತುಹೋದರೆ? ದಪ್ಪ ಸಿಲಿಕಾನಿನಲ್ಲಿ ಕರೆಂಟಿಗೆ ಬಳಸು ದಾರಿ ಇರುತ್ತದೆ. ಒಂಟಿ ನ್ಯಾನೊಟ್ಯೂಬಿನಲ್ಲಿ ಅದು ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದ ಹಾಗೆ, ದಾರಿಯೇ ಬಂದ್.

2020ರಲ್ಲಿ ಒಳ್ಳೆಯ ಸುದ್ದಿ ಬಂತು. ಚೀನಾದ ಸಂಶೋಧಕರು ನ್ಯಾನೊಟ್ಯೂಬ್ ಟ್ರಾನ್ಸಿಸ್ಟರಿನ ಗೇಟಿಗೆ (ಕರೆಂಟನ್ನು ಹಿಡಿತದಲ್ಲಿಡುವ ಭಾಗ) ಅಯಾನ್ ಜೆಲ್, ಅಂದರೆ ವಿದ್ಯುದಂಶದ ಕಣಗಳಿರುವ ಲೋಳೆಯಂಥ ವಸ್ತು, ಬಳಸಿದರು, ಅಡಿಪಾಯವನ್ನೂ ಬದಲಿಸಿದರು. ಅದು 1.5 ಕೋಟಿ ರ‍್ಯಾಡ್ ತನಕ ತಾಳಿತು; ವಸ್ತು ಹೀರಿದ ವಿಕಿರಣದ ಅಳತೆ ಇದು. ಕೆಟ್ಟದ್ದನ್ನು 100 ಡಿಗ್ರಿಗೆ ಬಿಸಿ ಮಾಡಿದರೆ ಸರಿಯಾಯಿತು. ಉಪಗ್ರಹದ ಬಿಡಿಭಾಗಗಳಿಗೆ ಕೇಳುವುದು ಹೆಚ್ಚಾಗಿ 1 ಲಕ್ಷ ರ‍್ಯಾಡ್ ಆಸುಪಾಸು. ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಈ ರ‍್ಯಾಡ್ ಲೆಕ್ಕ ಅಳೆಯುವುದು ನಿಧಾನದ ಪೆಟ್ಟನ್ನು. ದಿಢೀರ್ ಪೆಟ್ಟಿಗೆ ಭಾರದ ಅಯಾನುಗಳನ್ನೇ ಹಾಯಿಸಿ ನೋಡಬೇಕು, ಅದೂ ಒಂಟಿ ಟ್ರಾನ್ಸಿಸ್ಟರ್ ಅಲ್ಲ, ಪೂರ್ತಿ ಸರ್ಕ್ಯೂಟಿನ ಮೇಲೆ. ಅದಕ್ಕೆ ಬೇಕಾದ, ಅಯಾನುಗಳಿಗೆ ವೇಗ ಕೊಡುವ ಪೆಲೆಟ್ರಾನ್ ಯಂತ್ರಗಳು ದೆಹಲಿ, ಮುಂಬೈಯಲ್ಲಿ ಇವೆ. ಹೊಸ ವಸ್ತು ತಯಾರಿಸಲು ಸಿಗುವ ಹಣ, ಗಮನ ಈ ಬೇಸರದ ಪರೀಕ್ಷೆಗೂ ಸಿಗಬೇಕು. ಕೆಲವು ವರ್ಷಗಳಿಂದ ಇಸ್ರೊ ತನ್ನ ರಾಕೆಟ್ ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಕಕ್ಷೆಯಲ್ಲಿ ಪ್ರಯೋಗ ವೇದಿಕೆಯಾಗಿ ಬಳಸುತ್ತಿದೆ. ನ್ಯಾನೊ ಚಿಪ್‌ಗಳು ಮೊದಲು ಅಲ್ಲಿ ಹಾರಲಿ, ಮುಖ್ಯ ಕಂಪ್ಯೂಟರಿನ ಜಾಗ ಆಮೇಲೆ.