ಮೊಟ್ಟೆ ಇಡದ ನೊಣ

ಮಂಗಳೂರಿನ ಬಂದರಿನ ಹಳೆ ಹೆಂಚಿನ ಗೋದಾಮುಗಳಿಂದ ಹಿಡಿದು ಹೊಸ ಅಪಾರ್ಟ್‌ಮೆಂಟುಗಳ ಬಾಲ್ಕನಿವರೆಗೆ ಎಲ್ಲಿ ನೋಡಿದರೂ ಪಾರಿವಾಳ. ಅವುಗಳ ಗರಿ ಬಿಡಿಸಿ ನೋಡಿದರೆ ಕೆಲವೊಮ್ಮೆ ಕಂದು ಬಣ್ಣದ ಚಪ್ಪಟೆ ನೊಣವೊಂದು ಕಾಣಸಿಗುತ್ತದೆ. ಏಡಿಯ ಹಾಗೆ ಅಡ್ಡಡ್ಡ ಓಡಿ ಮತ್ತೆ ಗರಿಯೊಳಗೆ ಮರೆಯಾಗುತ್ತದೆ. ಬೆರಳಲ್ಲಿ ಹಿಸುಕಿದರೂ ಸುಲಭಕ್ಕೆ ಸಾಯದಷ್ಟು ಗಟ್ಟಿ ಮೈ, ಗರಿಯನ್ನು ಕಚ್ಚಿ ಹಿಡಿಯುವ ಕೊಕ್ಕೆಯುಗುರು. ಇದೇ ಸ್ಯೂಡೊಲಿಂಕಿಯಾ ಕೆನೇರಿಯೆನ್ಸಿಸ್. ಇದರ ನೆಂಟರು ನಮ್ಮ ಬೀದಿನಾಯಿಗಳ ಮೈಮೇಲೂ ಇದ್ದಾರೆ, ಹಟ್ಟಿಯ ದನಗಳ ಬಾಲದ ಬುಡದಲ್ಲೂ ಇದ್ದಾರೆ. ಗಂಡು ಹೆಣ್ಣು ಎರಡಕ್ಕೂ ರಕ್ತವೇ ಆಹಾರ.

ನನಗೆ ಇವುಗಳಲ್ಲಿ ಅತ್ಯಂತ ಸೋಜಿಗವೆನಿಸುವುದು ಬಸಿರು. ಮನೆನೊಣ ಒಂದೇ ಸಲಕ್ಕೆ ನೂರರ ಲೆಕ್ಕದಲ್ಲಿ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಈ ನೊಣ ಹಾಗಲ್ಲ. ಒಮ್ಮೆಗೆ ಒಂದೇ ಮೊಟ್ಟೆ ಬಲಿಯುತ್ತದೆ, ಅದೂ ತಾಯಿಯ ಹೊಟ್ಟೆಯೊಳಗೇ ಒಡೆಯುತ್ತದೆ. ಮರಿಹುಳು ಗರ್ಭದಲ್ಲೇ ಇದ್ದು, ತಾಯಿಯ ವಿಶೇಷ ಗ್ರಂಥಿಗಳು ಸುರಿಸುವ ಹಾಲಿನಂಥ ದ್ರವ ಕುಡಿದು ಪೂರ್ತಿ ಬೆಳೆಯುತ್ತದೆ. ರಕ್ತದಲ್ಲಿ ಬಿ ಗುಂಪಿನ ವಿಟಮಿನ್‌ಗಳು ಸಾಲುವುದಿಲ್ಲ. ಅವನ್ನು ತಯಾರಿಸಿಕೊಡುವ ಬ್ಯಾಕ್ಟೀರಿಯಾಗಳು ನೊಣದ ದೇಹದಲ್ಲೇ ನೆಲೆಸಿವೆ, ತಾಯಿಯಿಂದ ಮರಿಗೂ ದಾಟುತ್ತವೆ. ಹೊರಬಂದ ಮರಿ ಏನನ್ನೂ ತಿನ್ನುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅದರ ಚರ್ಮ ಗಟ್ಟಿಯಾಗಿ, ಕಪ್ಪಾಗಿ, ಕೋಶವಾಗುತ್ತದೆ (ಪ್ಯೂಪಾ); ಅದರೊಳಗೇ ನೊಣ ರೂಪುಗೊಳ್ಳುತ್ತದೆ. ಆಫ್ರಿಕಾದಲ್ಲಿ ನಿದ್ರಾರೋಗ ಹರಡುವ ಸೆಟ್ಸಿ ನೊಣ ಇದರ ಹತ್ತಿರದ ಬಂಧು. ಅದೂ ಹೀಗೇ ಹೆರುತ್ತದೆ.

ದೊಡ್ಡ ಹಣ್ಣುಬಾವಲಿಗಳ ತುಪ್ಪಳದಲ್ಲಿ ಇದೇ ಬಳಗದ ಇನ್ನೊಂದು ನೊಣವಿದೆ, ಸೈಕ್ಲೊಪೋಡಿಯಾ. ರೆಕ್ಕೆ ಇಲ್ಲವೇ ಇಲ್ಲ. ಉದ್ದ ಕಾಲುಗಳನ್ನು ನೋಡಿದರೆ ಯಾರಾದರೂ ಜೇಡವೆಂದೇ ಅಂದುಕೊಳ್ಳಬೇಕು. ತಲೆಯನ್ನು ಹಿಂದಕ್ಕೆ, ಬೆನ್ನಿನ ಮೇಲೆ ಮಡಚಿಕೊಂಡಿರುತ್ತದೆ. ಹೆರುವಾಗ ಮಾತ್ರ ಬಾವಲಿಯ ಮೈಯಿಂದ ಇಳಿಯುತ್ತದೆ.

ಪಾರಿವಾಳದ ನೊಣ ರಕ್ತದ ಜೊತೆಗೆ ರೋಗವನ್ನೂ ಸಾಗಿಸುತ್ತದೆ. 1898ರಲ್ಲಿ ರೊನಾಲ್ಡ್ ರಾಸ್ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿದರು. ಅದಾಗಿ ಕೆಲವೇ ವರ್ಷಗಳಲ್ಲಿ, 1906ರಲ್ಲಿ, ಅಲ್ಜೀರಿಯಾದಲ್ಲಿ ಸರ್ಜಾಂ ಸಹೋದರರು ಪಾರಿವಾಳದ ರಕ್ತಕಣದಲ್ಲಿರುವ ಹೀಮೊಪ್ರೋಟಿಯಸ್ ಎಂಬ ಪರಾವಲಂಬಿಯನ್ನು ಹರಡುವುದು ಈ ನೊಣ ಎಂದು ಸಾಬೀತುಪಡಿಸಿದರು. ಅದು ಮನುಷ್ಯರಿಗೆ ಅಂಟುವುದಿಲ್ಲ. ನೊಣ ಅಪರೂಪಕ್ಕೆ ನಮ್ಮನ್ನೂ ಕಚ್ಚುತ್ತದೆ, ಅಷ್ಟೇ. ಗರಿ ತಿನ್ನುವ ಹೇನುಗಳೂ ಇದರ ಮೈಗೆ ಅಂಟಿಕೊಂಡು ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಸವಾರಿ ಮಾಡುತ್ತವೆ.

ಬಾಲ್ಕನಿಯಲ್ಲಿ ನೊಣದ ಕಾಟವೆಂದು ಹಕ್ಕಿಗಳ ಮೇಲೆ ಔಷಧಿ ಸಿಂಪಡಿಸುವವರನ್ನು ಕಂಡರೆ ನನಗೆ ಬೇಸರ. ಮುಂದಿನ ತಲೆಮಾರು ಹಕ್ಕಿಯ ಮೈಮೇಲಿಲ್ಲ. ಗೂಡಿನ ಕಸದಲ್ಲಿ, ಗೋಡೆಯ ಬಿರುಕಿನಲ್ಲಿ ಕೋಶವಾಗಿ ಕೂತಿದೆ. ಪಾರಿವಾಳದ ಮರಿಗಳು ಹಾರಿಹೋದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಕಸಕ್ಕೆ ನೀರು ಚಿಮುಕಿಸಿ, ಪೂರ್ತಿ ಬಳಿದು ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಬೇಕು. ಕೆಳಗಿನ ತೋಟಕ್ಕೆ ಕೊಡವಿದರೆ ಪ್ರಯೋಜನವಿಲ್ಲ: ಆ ಕೋಶಕ್ಕೆ ಇನ್ನು ಆಹಾರ ಬೇಡ, ಕೆಲವು ವಾರ ಬಿಟ್ಟರೆ ಅಲ್ಲಿಂದಲೇ ನೊಣ ಹೊರಬರುತ್ತದೆ.